ಮನೆಯಲ್ಲಿ ಮೊದಲು ಕೆಲಸ ಸಿಕ್ಕಿದ್ದು ಮಲ್ಲನಿಗೆ

ಅಣ್ಣ ಡಿಪ್ಲೊಮಾ ಮುಗಿಸಿ ಒಂದು ವರ್ಷವಾಗಿತ್ತು. ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಗೇಟಿನಿಂದ ಗೇಟಿಗೆ ರೆಸ್ಯೂಮೆ ಹಿಡಿದು ಸುತ್ತುತ್ತಿದ್ದ. ನಾನು ಸೆಕೆಂಡ್ ಪಿಯುಸಿ. ಸಿಇಟಿ ಪುಸ್ತಕಗಳ ಮಧ್ಯೆ ಕೂತು, ಬಿಇ ಮುಗಿಸಿದರೂ ಅಣ್ಣನ ಪಾಡೇ ನನ್ನದೂ ಆದರೆ ಎಂದು ಆಗಾಗ ಯೋಚಿಸುತ್ತಿದ್ದೆ. ಅಂಥ ಹೊತ್ತಿನಲ್ಲಿ ನಮ್ಮಿಬ್ಬರಿಗಿಂತ ಮೊದಲು ಕಾಯಂ ಕೆಲಸ ಗಿಟ್ಟಿಸಿಕೊಂಡಿದ್ದು ಆರು ಕೆ.ಜಿ. ತೂಕದ ಒಂದು ನಾಯಿ. ಊಟ, ವಸತಿ ಉಚಿತ. ಪ್ರೊಬೇಷನ್ ಒಂದೇ ರಾತ್ರಿ.

ಅದರ ಮೊದಲ ಹೆಸರು ಮಿಲೋ. ಹಾಲಿವುಡ್ ಸಿನಿಮಾ ನೋಡುವವರಿಗೆ ಗೊತ್ತಿರುತ್ತದೆ, ಜಿಮ್ ಕ್ಯಾರಿಯ ‘ದಿ ಮಾಸ್ಕ್’ ಚಿತ್ರದಲ್ಲಿ ಬರುವ ತುಂಟ ನಾಯಿಯ ಹೆಸರೂ ಅದೇ, ಜಾತಿಯೂ ಅದೇ: ಜ್ಯಾಕ್ ರಸೆಲ್ ಟೆರಿಯರ್. ಕಾರ್ಖಾನೆಯೊಂದರಲ್ಲಿ ಮ್ಯಾನೇಜರ್ ಆಗಿದ್ದ ಉತ್ತರ ಭಾರತದವರೊಬ್ಬರು ಸಾಕಿದ್ದರು. ಅವರಿಗೆ ವರ್ಗವಾಯಿತು. ಹೊಸ ಊರಿನ ಅಪಾರ್ಟ್‌ಮೆಂಟಿಗೆ ಈ ಗಲಾಟೆಯ ಪ್ರಾಣಿಯನ್ನು ಒಯ್ಯಲಾಗದು ಎಂದು, ಅಲ್ಲೇ ಸೆಕ್ಯುರಿಟಿ ಕೆಲಸದಲ್ಲಿದ್ದ ನಮ್ಮ ಮಾವನ ಕೈಗೆ ಹಗ್ಗ ಕೊಟ್ಟು ಹೊರಟರು. ಮಾವ ಸೀದಾ ನಮ್ಮನೆಗೆ ತಂದರು. ಆಗ ಅದಕ್ಕೆ ಎರಡು ವರ್ಷ. ಅಜ್ಜಿಯ ನಾಲಿಗೆಗೆ ‘ಮಿಲೋ’ ಹೊರಳಲಿಲ್ಲ. ಎರಡೇ ದಿನಕ್ಕೆ ಅದು ಮಲ್ಲ ಆಯಿತು.

ಅಪ್ಪನಿಗೆ ನಾಯಿ ಬೇಡವಾಗಿತ್ತು. ‘ಹೊಲ ಕಾಯೋಕೆ ಆಳೆತ್ತರದ ನಾಯಿ ಬೇಕು. ಇದು ನೋಡಿದ್ರೆ ಮೊಲದ ಮರಿ ಇದ್ದಂಗೆ ಐತೆ’ ಅಂದರು. ನಮ್ಮ ಕಡೆ ಕೊಬ್ಬರಿ ಮಾಡಲು ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಇಡುತ್ತಾರೆ. ಅಟ್ಟದಲ್ಲಿ ಇಲಿ, ರಾಗಿ ಮೂಟೆ ಇಟ್ಟ ಕೋಣೆಯಲ್ಲಿ ಇಲಿ, ಹಿತ್ತಲ ಹುಲ್ಲಿನ ಮೆದೆಯ ಬುಡದಲ್ಲಿ ಹೆಗ್ಗಣ. ಮಲ್ಲ ಬಂದ ರಾತ್ರಿ ಒಂದೇ ಸಮನೆ ನೆಲ ಕೆರೆಯುವ ಸದ್ದು. ಬೆಳಿಗ್ಗೆ ನೋಡಿದರೆ ಮೆದೆಯ ಪಕ್ಕ ಸಾಲಾಗಿ ಮೂರು ಹೆಗ್ಗಣ ಸತ್ತು ಬಿದ್ದಿದ್ದವು. ಒಂದನ್ನೂ ತಿಂದಿರಲಿಲ್ಲ. ಕತ್ತು ಹಿಡಿದು ಒಮ್ಮೆ ಕೊಡವಿ ಬಿಸಾಕಿತ್ತು, ಅಷ್ಟೇ. ಅಪ್ಪ ಮಾತಾಡಲಿಲ್ಲ. ಅಂದು ಮಧ್ಯಾಹ್ನ ತಮ್ಮ ತಟ್ಟೆಯಿಂದಲೇ ಅರ್ಧ ಮುದ್ದೆ ಮುರಿದು ಹಾಕಿದರು.

ಇದು ಮಲ್ಲನ ಜಾಣತನವೇನಲ್ಲ, ಇನ್ನೂರು ವರ್ಷ ಹಳೆಯ ನೇಮಕಾತಿ ಆದೇಶ ಎಂದು ಓದಿದ ಮೇಲೆ ತಿಳಿಯಿತು. ಟೆರಿಯರ್ ಎಂಬ ಪದದ ಮೂಲ ‘ಟೆರ್ರಾ’. ಲ್ಯಾಟಿನ್‌ನಲ್ಲಿ ಹಾಗೆಂದರೆ ನೆಲ. ಬಿಲದೊಳಗೆ ನುಗ್ಗಿ ಬೇಟೆಯನ್ನು ಹೊರಗೋಡಿಸುವ ನಾಯಿಗಳ ದೊಡ್ಡ ಬಳಗವೇ ಇದೆ. ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ 1795ರಲ್ಲಿ ಹುಟ್ಟಿದ ಜಾನ್ ರಸೆಲ್ ಎಂಬ ಪಾದ್ರಿಗೆ ದೇವರ ಸೇವೆಯಷ್ಟೇ ನರಿ ಬೇಟೆಯ ಹುಚ್ಚೂ ಇತ್ತು. ಆಕ್ಸ್‌ಫರ್ಡ್‌ನಲ್ಲಿ ಓದುವಾಗ ಹಾಲು ಮಾರುವವನೊಬ್ಬನಿಂದ ‘ಟ್ರಂಪ್’ ಎಂಬ ಬಿಳಿ ಹೆಣ್ಣು ನಾಯಿಯನ್ನು ಕೊಂಡನಂತೆ. ಈ ತಳಿಯ ಕಥೆ ಶುರುವಾಗುವುದು ಅಲ್ಲಿಂದ. ಬಣ್ಣ ಹೆಚ್ಚಾಗಿ ಬಿಳಿಯೇ ಇರಲೂ ಕಾರಣವಿದೆ. ಮಣ್ಣು ಮೆತ್ತಿಕೊಂಡು ಬಿಲದಿಂದ ಹೊರಬಂದ ನಾಯಿಯನ್ನು ನರಿಯೆಂದು ತಪ್ಪು ತಿಳಿದು ಬೇಟೆ ನಾಯಿಗಳು ಮೇಲೆ ಬೀಳಬಾರದು. ಎತ್ತರ ಒಂದಡಿಯ ಒಳಗೆ, ಎದೆ ಸಣ್ಣದು, ಬಿಲದಲ್ಲಿ ಸಿಕ್ಕಿಕೊಳ್ಳಬಾರದಲ್ಲ! ಮೆಕ್ಯಾನಿಕಲ್ ಓದುವ ನನಗೆ ಇದು ಡಿಸೈನ್ ಕ್ಲಾಸಿನಂತೆಯೇ ಕಾಣುತ್ತದೆ. ಏನು ಕೆಲಸ ಎಂದು ಮೊದಲು ನಿಗದಿ ಮಾಡಿ, ಆಮೇಲೆ ಅಳತೆ ಹಾಕಿದ್ದಾರೆ.

ಟೆರಿಯರ್ ಎಂದರೆ ಏನು ಎಂದು ಊರಲ್ಲಿ ಕೇಳಿದವರಿಗೆ ನಾನು ಎಚ್‌ಎಂವಿ ಗ್ರಾಮಫೋನ್ ತಟ್ಟೆಯ ನಾಯಿಯನ್ನು ನೆನಪಿಸುತ್ತೇನೆ. ಹಳೆಯ ರೆಕಾರ್ಡುಗಳ ಮೇಲೆ ಕೊಳವೆಗೆ ಕಿವಿಗೊಟ್ಟು ಕೂತಿರುತ್ತದಲ್ಲ, ಅದರ ಹೆಸರು ನಿಪ್ಪರ್. ಬ್ರಿಸ್ಟಲ್‌ನಲ್ಲಿ 1884ರಲ್ಲಿ ಹುಟ್ಟಿದ ಬೆರಕೆ ಟೆರಿಯರ್. ಮನೆಗೆ ಬಂದವರ ಕಾಲಿನ ಹಿಂಬದಿಗೆ ಹಲ್ಲು ತಾಗಿಸುತ್ತಿದ್ದುದರಿಂದ ಆ ಹೆಸರು. ಚಿತ್ರದಲ್ಲಿ ಎಷ್ಟು ಸಾಧುವಾಗಿ ಕೂತಿದೆ ನೋಡಿ. ಫೋಟೊ ನೋಡಿ ನಾಯಿ ಸಾಕುವವರಿಗೆ ಇದಕ್ಕಿಂತ ಒಳ್ಳೆಯ ಎಚ್ಚರಿಕೆ ಬೇಕಿಲ್ಲ.

ಟೆರಿಯರ್ ಎಂಬ ಹೆಸರೇ ಒಮ್ಮೆ ನಮಗೆ ತಲೆನೋವು ತಂದಿತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ಅಪಾಯಕಾರಿ ಎಂದು ಪಟ್ಟಿ ಮಾಡಿ ಸುತ್ತೋಲೆ ಹೊರಡಿಸಿತು. ಪಟ್ಟಿಯಲ್ಲಿ ಪಿಟ್‌ಬುಲ್ ಟೆರಿಯರ್ ಇತ್ತು, ಅಮೆರಿಕನ್ ಸ್ಟಾಫರ್ಡ್‌ಶೈರ್ ಟೆರಿಯರ್ ಇತ್ತು. ಟಿ.ವಿ. ನೋಡಿದ ಪಕ್ಕದ ಮನೆಯವರು ‘ನಿಮ್ಮದೂ ಅದೇ ಅಲ್ವಾ?’ ಎಂದು ಬಂದರು. ಅಲ್ಲ. ಪಟ್ಟಿಯಲ್ಲಿ ಜ್ಯಾಕ್ ರಸೆಲ್ ಇರಲಿಲ್ಲ. ಆ ಸುತ್ತೋಲೆಯನ್ನೂ ಏಪ್ರಿಲ್ 10ರಂದು ಕರ್ನಾಟಕ ಹೈಕೋರ್ಟ್ ರದ್ದು ಮಾಡಿತು. ಆದರೆ ಮಲ್ಲ ಕಚ್ಚುವುದೇ ಇಲ್ಲ ಎಂದು ನಾನು ಯಾರಿಗೂ ಗ್ಯಾರಂಟಿ ಕೊಡುವುದಿಲ್ಲ. ಬಾಲ ಎಳೆದ, ಊಟದ ತಟ್ಟೆಗೆ ಕೈ ಹಾಕಿದ ಮಗುವನ್ನು ಅದು ಸಹಿಸುವುದಿಲ್ಲ. ಅದಕ್ಕೇ ವರ್ಷ ತಪ್ಪದೆ ರೇಬಿಸ್ ಲಸಿಕೆ ಹಾಕಿಸುತ್ತೇವೆ. ಚಿಕ್ಕ ಮಕ್ಕಳು ಬಂದಾಗ ಹಗ್ಗ ನನ್ನ ಕೈಯಲ್ಲೇ ಇರುತ್ತದೆ.

ಈಗ ಸ್ವಭಾವದ ಮಾತು. ರೀಲ್ಸ್‌ನಲ್ಲಿ ಈ ನಾಯಿ ಚೆಂಡು ಹಿಡಿಯುವುದನ್ನು, ಹಿಂಗಾಲಲ್ಲಿ ನಿಂತು ಕುಣಿಯುವುದನ್ನು ನೋಡಿ ನನ್ನ ಕ್ಲಾಸಿನ ಅರ್ಧ ಜನ ‘ಕೆಲಸ ಸಿಕ್ಕ ಮೇಲೆ ಒಂದು ತಗೋಬೇಕು’ ಅನ್ನುತ್ತಾರೆ. ಒಬ್ಬ ಸೀನಿಯರ್ ತಗೊಂಡರು ಕೂಡ. ಬೆಂಗಳೂರಲ್ಲಿ ಕೆಲಸ, ಮೂರನೇ ಮಹಡಿಯಲ್ಲಿ ಒಂದು ರೂಮಿನ ಮನೆ, ಬೆಳಿಗ್ಗೆ ಎಂಟಕ್ಕೆ ಹೊರಟರೆ ರಾತ್ರಿ ಒಂಬತ್ತಕ್ಕೆ ವಾಪಸ್. ನಾಯಿ ಮೊದಲು ದಿಂಬು ಹರಿಯಿತು, ನಂತರ ಬಾಗಿಲ ಚೌಕಟ್ಟು ಕಡಿಯಿತು, ಆಮೇಲೆ ದಿನವಿಡೀ ಬೊಗಳಿ ಓನರ್ ಕೈಲಿ ನೋಟಿಸ್ ಕೊಡಿಸಿತು. ಆರು ತಿಂಗಳಿಗೆ ಬೇರೆಯವರ ಪಾಲಾಯಿತು. ಅದನ್ನು ‘ಕೆಟ್ಟ ನಾಯಿ’ ಎಂದು ಅವರು ಈಗಲೂ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಮಲ್ಲ ನಮ್ಮ ಹಿತ್ತಲಲ್ಲಿ ಮಾಡುವುದೂ ಅದನ್ನೇ: ಅಗೆಯುತ್ತದೆ, ಹರಿಯುತ್ತದೆ, ಬೊಗಳುತ್ತದೆ. ಇಲ್ಲಿ ಅದಕ್ಕೆ ಕೆಲಸ ಅನ್ನುತ್ತೇವೆ, ಅಲ್ಲಿ ಚೇಷ್ಟೆ ಅಂದರು. ಡಿಗ್ರಿ ಹಿಡಿದು ಮನೆಯಲ್ಲಿ ಕೂತವರಿಗೆ ಆ ನಾಯಿಯ ತಳಮಳ ಬೇಗ ಅರ್ಥವಾಗಬೇಕು.

ಇಲಿ ಇಲ್ಲದ ದಿನ ನಾವು ಕೆಲಸ ಹುಟ್ಟಿಸುತ್ತೇವೆ. ಹಿತ್ತಲ ಮೂಲೆಯಲ್ಲಿ ಅಣ್ಣ ಒಂದು ಗಾಡಿ ಮರಳು ಸುರಿದಿದ್ದಾನೆ, ಅಗೆಯಲು ಅದಕ್ಕೆಂದೇ ಮೀಸಲು. ಅದರೊಳಗೆ ತೆಂಗಿನ ಚಿಪ್ಪು ಹೂತು, ಚಿಪ್ಪಿನೊಳಗೆ ಒಣ ರೊಟ್ಟಿ ಚೂರು ಇಟ್ಟರೆ ಅರ್ಧ ಗಂಟೆ ಮನೆ ಶಾಂತ. ಬೆಳಿಗ್ಗೆ ಬಿಸಿಲೇರುವ ಮುಂಚೆ ಒಂದು ಓಟ, ಸಂಜೆ ಇನ್ನೊಂದು. ಪಾಠ ಹೇಳಿಕೊಡುವುದಾದರೆ ಐದೈದು ನಿಮಿಷ ಸಾಕು. ಹತ್ತು ನಿಮಿಷ ಎಳೆದರೆ ಮೇಷ್ಟರ ಕಡೆ ಬೆನ್ನು ತಿರುಗಿಸಿ ಹೋಗುತ್ತದೆ. ಹೊಡೆದರಂತೂ ಮುಗಿಯಿತು. ಮೊಂಡು ಹತ್ತುಪಟ್ಟು. ಕೋಳಿ ವಿಷಯದಲ್ಲಿ ಮಾತ್ರ ಯಾವ ಪಾಠವೂ ನಾಟಿಲ್ಲ. ಬಂದ ವಾರವೇ ಎದುರು ಮನೆಯ ನಾಟಿ ಕೋಳಿ ಹಿಡಿದು ನಮ್ಮಿಂದ ದಂಡ ಕಟ್ಟಿಸಿತು. ಕೋಳಿ, ಬೆಕ್ಕು ಸಾಕಿದ ಮನೆಗೆ ಇದು ತಕ್ಕ ನಾಯಿಯಲ್ಲ.

ತನ್ನ ಗಾತ್ರ ಎಷ್ಟು ಎಂಬುದು ಟೆರಿಯರ್‌ಗೆ ಗೊತ್ತಿರುವುದಿಲ್ಲ. ಬೀದಿಯ ಐದು ನಾಯಿಗಳ ಗುಂಪಿಗೂ ಎದೆಕೊಟ್ಟು ನಿಲ್ಲುತ್ತದೆ. ಹೆಗ್ಗಣದ ಬಿಲ ಇದ್ದಲ್ಲಿ ಹಾವೂ ಇರುತ್ತದೆ. ನಮ್ಮ ಹೊಲದಲ್ಲಿ ನಾಗರಹಾವು ಇದೆ, ಕೊಳಕುಮಂಡಲವೂ ಇದೆ. ತಮಾಷೆ ನೋಡಿ, ಕೊಳಕುಮಂಡಲಕ್ಕೆ ಇಂಗ್ಲಿಷಿನಲ್ಲಿ ರಸೆಲ್ಸ್ ವೈಪರ್ ಎಂದು ಹೆಸರು. ಭಾರತದ ಹಾವುಗಳ ಬಗ್ಗೆ ಬರೆದ ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯನ ಹೆಸರದು, ಪಾದ್ರಿ ರಸೆಲ್‌ಗೆ ಸಂಬಂಧವಿಲ್ಲ. ಒಂದು ರಸೆಲ್ ಇನ್ನೊಂದು ರಸೆಲ್‌ನ ಬಿಲಕ್ಕೆ ಮೂತಿ ಹಾಕಿದರೆ ಗೆಲ್ಲುವುದು ಹಾವೇ. ಆದ್ದರಿಂದ ಮುಸ್ಸಂಜೆಯ ನಂತರ ಮಲ್ಲನಿಗೆ ಹೊಲಕ್ಕೆ ಪ್ರವೇಶವಿಲ್ಲ. ರಾತ್ರಿ ಮಲಗುವುದೂ ಒಳಗೆ. ನಮ್ಮ ಜಿಲ್ಲೆಗೆ ಚಿರತೆ ಹೊಸದಲ್ಲ, ಚಿರತೆಗೆ ನಾಯಿ ಸುಲಭದ ತುತ್ತು.

ಹಾವಿಗಿಂತ ನನಗೆ ಹೆಚ್ಚು ಭಯ ಇಲಿ ಪಾಷಾಣದ್ದು. ಅಂಗಡಿಯಲ್ಲಿ ಸಿಗುವ ಬಣ್ಣದ ಬಿಲ್ಲೆಗಳಲ್ಲಿ ಹಲವು ಬ್ರೊಮಾಡಿಯೋಲೋನ್‌ನವು. ಅದು ದೇಹದಲ್ಲಿ ವಿಟಮಿನ್ ಕೆ ಮರುಬಳಕೆಯಾಗದಂತೆ ತಡೆಯುತ್ತದೆ. ರಕ್ತ ಹೆಪ್ಪುಗಟ್ಟುವುದು ನಿಲ್ಲುತ್ತದೆ. ತಿಂದ ದಿನ ನಾಯಿ ಆರಾಮಾಗೇ ಇರುತ್ತದೆ. ಮೂರು-ನಾಲ್ಕು ದಿನ ಕಳೆದು ವಸಡು ಬಿಳಿಚಿಕೊಂಡು, ಮೂಗಲ್ಲೋ ಮಲದಲ್ಲೋ ರಕ್ತ ಕಾಣಿಸಿಕೊಳ್ಳುತ್ತದೆ. ಪಾಷಾಣ ತಿಂದ ಇಲಿಯನ್ನು ತಿಂದರೂ ಅಪಾಯವೇ. ಬೇಗ ಕರೆದೊಯ್ದರೆ ವಿಟಮಿನ್ ಕೆ1 ಕೊಟ್ಟು ಉಳಿಸಬಹುದು, ಚಿಕಿತ್ಸೆ ವಾರಗಟ್ಟಲೆ ನಡೆಯಬೇಕು. ಜಿಂಕ್ ಫಾಸ್ಫೈಡ್ ಪುಡಿಯಾದರೆ ಪ್ರತಿವಿಷವೇ ಇಲ್ಲ. ಮಲ್ಲ ಬಂದ ಮೇಲೆ ನಮ್ಮನೆಯಲ್ಲಿ ಪಾಷಾಣ ಬಂದ್. ಅಕ್ಕಪಕ್ಕದವರಿಗೂ ಇಡುವ ಮುಂಚೆ ಹೇಳಿ ಎಂದು ಕೇಳಿಕೊಂಡಿದ್ದೇವೆ. ಇಲಿ ಹಿಡಿಯುವ ನಾಯಿಗೆ ಇಲಿಜ್ವರದ ಲಸಿಕೆಯೂ ಬೇಕು. ಆ ರೋಗಾಣು ಇಲಿಯ ಮೂತ್ರದಿಂದ ನಾಯಿಗೆ, ನಾಯಿಯ ಮೂತ್ರದಿಂದ ಮನುಷ್ಯರಿಗೆ ದಾಟಬಲ್ಲದು. ಹಾಗಾಗಿ ಸತ್ತ ಹೆಗ್ಗಣವನ್ನು ಬರಿಗೈಯಲ್ಲಿ ಎತ್ತುವುದಿಲ್ಲ. ಉಣ್ಣೆ ಜ್ವರವಂತೂ ನಮ್ಮ ಹವಾಮಾನದಲ್ಲಿ ಎಲ್ಲ ನಾಯಿಗಳ ಶತ್ರು. ಕಿವಿಯೊಳಗೆ, ಬೆರಳ ಸಂದಿಯಲ್ಲಿ ದಿನವೂ ಕೈಯಾಡಿಸಿ ನೋಡುವುದು ಅಜ್ಜಿಯ ಡ್ಯೂಟಿ.

ಊಟ ಸರಳ. ಮುದ್ದೆ ಅಥವಾ ಅನ್ನ, ಮೊಟ್ಟೆ, ಬೇಯಿಸಿದ ಕೋಳಿ ಮಾಂಸ, ಸ್ವಲ್ಪ ಮೊಸರು, ಅಣ್ಣನಿಗೆ ಸಂಬಳ ಬಂದ ವಾರ ಪ್ಯಾಕೆಟ್ ಆಹಾರ. (ಹೌದು, ಅವನಿಗೂ ಕೊನೆಗೆ ಗುತ್ತಿಗೆ ಕೆಲಸ ಸಿಕ್ಕಿತು.) ಈರುಳ್ಳಿ ಹಾಕಿದ ಸಾರು ಕೂಡದು, ದ್ರಾಕ್ಷಿ, ಚಾಕೊಲೇಟ್ ಕೂಡದು, ಬೇಯಿಸಿದ ಕೋಳಿ ಮೂಳೆ ಕೂಡದು. ತೂಕ ಏರಲು ಬಿಡಬಾರದು, ಯಾಕೆಂದರೆ ಈ ತಳಿಯ ಮಂಡಿಚಿಪ್ಪು ಜಾರುವ ಜಾತಿಯದು. ಓಡುತ್ತಾ ಓಡುತ್ತಾ ಒಂದು ಹಿಂಗಾಲು ಎತ್ತಿಕೊಂಡು ಮೂರು ಕಾಲಲ್ಲಿ ನಾಲ್ಕು ಹೆಜ್ಜೆ ಕುಪ್ಪಳಿಸಿ, ಕಾಲು ಕೊಡವಿ ಮತ್ತೆ ಓಡಿದರೆ ಅದು ಆಟವಲ್ಲ. ಪುಲ್ಲಿಯ ಗಾಡಿಯಿಂದ ಬೆಲ್ಟ್ ಜಾರಿದಂತೆ ಚಿಪ್ಪು ತನ್ನ ಜಾಡಿನಿಂದ ಜಾರಿ ವಾಪಸ್ ಕೂತಿದೆ ಎಂದರ್ಥ. ಆಗ ವೈದ್ಯರಿಗೆ ತೋರಿಸಬೇಕು. ಹೆಚ್ಚು ಬಿಳಿಯಿರುವ ಮರಿಗಳಲ್ಲಿ ಹುಟ್ಟು ಕಿವುಡೂ ಇರಬಹುದು. ಮರಿ ಆರಿಸುವಾಗ ಅದರ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿ ನೋಡಿ.

ಇಷ್ಟೆಲ್ಲ ಇದ್ದರೂ ಇದು ಗಟ್ಟಿ ತಳಿ. ಬ್ರಿಟನ್ನಿನ ರಾಯಲ್ ವೆಟರ್ನರಿ ಕಾಲೇಜಿನ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರಿಶೀಲಿಸಿದ 18 ತಳಿಗಳ ಪೈಕಿ ಅತಿ ಹೆಚ್ಚು ನಿರೀಕ್ಷಿತ ಆಯಸ್ಸು ಜ್ಯಾಕ್ ರಸೆಲ್‌ನದ್ದು: 12.72 ವರ್ಷ. ಚಪ್ಪಟೆ ಮೂತಿಯ ಫ್ರೆಂಚ್ ಬುಲ್‌ಡಾಗ್‌ಗೆ ಸಿಕ್ಕಿದ್ದು 4.53. ಇಪ್ಪತ್ತೆರಡನೇ ವಯಸ್ಸಿನಲ್ಲಿ ಮೊದಲ ಸಂಬಳದಿಂದ ಮರಿ ತಂದರೆ, ಆ ಲೆಕ್ಕದಲ್ಲಿ ಅದು ನಿಮ್ಮ ಎರಡು ಮೂರು ಕೆಲಸ, ಮದುವೆ, ಬಹುಶಃ ಮಗುವಿನ ನಾಮಕರಣವನ್ನೂ ನೋಡಿಯೇ ಹೋಗುತ್ತದೆ. ಅಷ್ಟು ದೂರ ಯೋಚಿಸಿ ನಾಯಿ ಕೊಳ್ಳುವವರನ್ನು ನಾನು ಕಂಡಿಲ್ಲ.

ನಮಗೆ ಪೆಟ್ಟು ಬಿದ್ದದ್ದು ಕಣ್ಣಿನ ಕಡೆಯಿಂದ. ಈ ವರ್ಷ ಮಲ್ಲನಿಗೆ ಐದು ತುಂಬಿತು. ಒಂದು ಬೆಳಿಗ್ಗೆ ಎಡಗಣ್ಣು ಕೆಂಪಗಾಗಿ, ಮುಚ್ಚಿಕೊಂಡು, ನೀರು ಸುರಿಯುತ್ತಿತ್ತು. ಹುಲ್ಲು ಕಡ್ಡಿ ತಾಗಿರಬೇಕು ಎಂದು ಒಬ್ಬರು, ಜೇನು ಹಚ್ಚಿ ಎಂದು ಇನ್ನೊಬ್ಬರು. ಅಣ್ಣ ಅದೇ ಬೆಳಿಗ್ಗೆ ಹತ್ತಿರದ ಪಶು ಆಸ್ಪತ್ರೆಗೆ ಒಯ್ದ. ವೈದ್ಯರು ಟಾರ್ಚ್ ಬಿಟ್ಟು ನೋಡಿ, ‘ಇದು ಗಾಯ ಅಲ್ಲ, ತಡ ಮಾಡಬೇಡಿ, ಹೆಬ್ಬಾಳಕ್ಕೆ ಹೋಗಿ’ ಅಂದರು. ಅಣ್ಣನ ಸ್ನೇಹಿತನ ಓಮ್ನಿಯಲ್ಲಿ ಬೆಂಗಳೂರಿನ ಪಶುವೈದ್ಯಕೀಯ ಕಾಲೇಜಿಗೆ ಹೋದೆವು. ದಾರಿಯುದ್ದಕ್ಕೂ ನನ್ನ ತೊಡೆಯ ಮೇಲಿದ್ದ ಮಲ್ಲ ಒಮ್ಮೆಯೂ ಬೊಗಳಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ತಂದಿದ್ದು.

ಕಣ್ಣಿನ ಮಸೂರ ಸೂಕ್ಷ್ಮ ಎಳೆಗಳಿಂದ ಸುತ್ತಲೂ ಬಿಗಿದು ತೂಗುಹಾಕಿದ ವಸ್ತು. ಸೈಕಲ್ ಚಕ್ರದ ಕಡ್ಡಿಗಳನ್ನು ನೆನೆಸಿಕೊಳ್ಳಿ. ಕೆಲವು ಟೆರಿಯರ್ ತಳಿಗಳಲ್ಲಿ ಈ ಎಳೆಗಳು ಹುಟ್ಟಿನಿಂದಲೇ ದುರ್ಬಲ. ಮೂರರಿಂದ ಎಂಟು ವರ್ಷದ ನಡುವೆ ಸಾಮಾನ್ಯವಾಗಿ ಕಡಿದುಹೋಗುತ್ತವೆ. ಮಸೂರ ಮುಂದಕ್ಕೆ ಜಾರಿದರೆ ಕಣ್ಣಿನೊಳಗಿನ ದ್ರವ ಹರಿಯುವ ದಾರಿ ಮುಚ್ಚಿ ಒತ್ತಡ ಏರುತ್ತದೆ. ವಿಪರೀತ ನೋವು. ಒಂದೆರಡು ದಿನದಲ್ಲೇ ದೃಷ್ಟಿ ಪೂರ್ತಿ ಹೋಗಬಹುದು. ಮಲ್ಲನ ಎಡಗಣ್ಣು ನಾವು ತಲುಪುವ ಹೊತ್ತಿಗೇ ಹೋಗಿತ್ತು. ನೋವು ನಿಲ್ಲಲು ಕಣ್ಣನ್ನೇ ತೆಗೆಯಬೇಕು ಎಂದರು. ಬಲಗಣ್ಣಿನ ಎಳೆಗಳೂ ಸಡಿಲವಾಗಿವೆ. ಪಾಪೆಯನ್ನು ಚಿಕ್ಕದಾಗಿಸಿ ಮಸೂರ ಮುಂದೆ ಬಾರದಂತೆ ತಡೆಯುವ ಹನಿಯನ್ನು ದಿನವೂ ಹಾಕಬೇಕು.

ಆ ರಾತ್ರಿ ಮನೆಯಲ್ಲಿ ಮಾತು ಬೆಳೆಯಿತು. ‘ಕುರುಡು ನಾಯಿಗೆ ಇಷ್ಟು ದುಡ್ಡಾ?’ ಎಂದು ಅಪ್ಪ ಕೇಳಿದ್ದರಲ್ಲಿ ಕ್ರೂರತನ ಇರಲಿಲ್ಲ. ನನ್ನ ಸೆಮಿಸ್ಟರ್ ಫೀಸಿನ ದಿನವೂ ಹತ್ತಿರವಿತ್ತು. ಅಜ್ಜಿ ಮಾತ್ರ, ‘ಮೂರು ವರ್ಷ ಅಟ್ಟದ ಕಾಯಿ ಕಾದೈತೆ ಕಣಪ್ಪ. ಆಳಾಗಿದ್ರೆ ಕೂಲಿ ಎಷ್ಟಾಗ್ತಿತ್ತು, ಲೆಕ್ಕ ಹಾಕು’ ಅಂದರು. ಅಪ್ಪ ಲೆಕ್ಕ ಹಾಕಿದರೋ ಇಲ್ಲವೋ ಗೊತ್ತಿಲ್ಲ. ಆ ಸಲದ ಡೇರಿ ಬಟವಾಡೆ ಪೂರ್ತಿ ಮಲ್ಲನಿಗೆ ಹೋಯಿತು. ನನ್ನ ಫೀಸಿಗೆ ಮಾವನಿಂದ ಸಾಲ ತಂದರು.

ಇನ್ನೊಂದು ತೀರ್ಮಾನ ಬಾಕಿಯಿತ್ತು. ತುಮಕೂರಿನಲ್ಲಿ ಮರಿ ಮಾರುವವರೊಬ್ಬರು ಮಲ್ಲನನ್ನು ನೋಡಿದ್ದರು. ತಮ್ಮ ಹೆಣ್ಣು ನಾಯಿಯ ಜೊತೆ ಬಿಟ್ಟರೆ ಒಳ್ಳೆಯ ಹಣ ಕೊಡುವುದಾಗಿ, ಇಲ್ಲವಾದರೆ ಒಂದು ಮರಿ ಕೊಡುವುದಾಗಿ ಹೇಳಿದ್ದರು. ಕಣ್ಣಿನ ಖರ್ಚು ಅದರಲ್ಲೇ ಹೊರಡುತ್ತಿತ್ತು. ನಾನು ಕೂತು ಓದಿದೆ. ಈ ಕಾಯಿಲೆಗೆ ಕಾರಣವಾದ ಎಡಿಎಎಂಟಿಎಸ್17 ಎಂಬ ಜೀನಿನ ದೋಷವನ್ನು ವಿಜ್ಞಾನಿಗಳು 2010ರಲ್ಲೇ ಗುರುತಿಸಿದ್ದಾರೆ. ಕಾಯಿಲೆ ಬರುವುದು ಬಹುಮಟ್ಟಿಗೆ ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದಾಗ. ಪಿಯುಸಿಯಲ್ಲಿ ಮೆಂಡಲ್‌ನ ಬಟಾಣಿ ಗಿಡಗಳ ಚೌಕ ಬರೆಯುತ್ತಿದ್ದೆವಲ್ಲ, ಅದನ್ನೇ ಅಪ್ಪನಿಗೆ ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದು ತೋರಿಸಿದೆ. ಮಲ್ಲನಲ್ಲಿ ಎರಡೂ ಪ್ರತಿ ಕೆಟ್ಟಿದ್ದರೆ, ಅದರ ಪ್ರತಿ ಮರಿಗೂ ಒಂದು ಕೆಟ್ಟ ಪ್ರತಿ ಖಚಿತ. ಹೆಣ್ಣು ನಾಯಿ ಹೊರಗೆ ಆರೋಗ್ಯವಾಗಿದ್ದು ಒಳಗೆ ಒಂದು ಕೆಟ್ಟ ಪ್ರತಿ ಹೊತ್ತಿದ್ದರೆ, ಸರಾಸರಿ ಅರ್ಧದಷ್ಟು ಮರಿಗಳಿಗೆ ಇದೇ ಗತಿ. ಇದನ್ನು ಪತ್ತೆ ಮಾಡುವ ಡಿಎನ್ಎ ಪರೀಕ್ಷೆ ಇದೆ. ನಿಮ್ಮ ನಾಯಿಗೆ ಮಾಡಿಸಿದ್ದೀರಾ ಎಂದು ಫೋನಿನಲ್ಲಿ ಕೇಳಿದಾಗ ಅವರು ನಕ್ಕರು.

ಅಪ್ಪ ಚೌಕವನ್ನು ಬಹಳ ಹೊತ್ತು ನೋಡಿದರು. ‘ಹಂಗಾದ್ರೆ ಬ್ಯಾಡ’ ಅಂದರು. ಗಾಯ ವಾಸಿಯಾದ ಮೇಲೆ ಮಲ್ಲನಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಆ ವ್ಯಾಪಾರಿ ಬೇರೆ ಗಂಡು ನಾಯಿ ನೋಡಿಕೊಳ್ಳುತ್ತೇನೆ ಎಂದರು. ನಾಯಿ ಸಾಕಣೆ ಮತ್ತು ಮಾರಾಟಕ್ಕೆ 2017ರಿಂದಲೇ ಕೇಂದ್ರದ ನಿಯಮಗಳಿವೆ, ಮಾರುವವರು ನೋಂದಣಿ ಮಾಡಿಸಿರಬೇಕು. ಮರಿ ಕೊಳ್ಳುವವರು ಆ ಪತ್ರವನ್ನೂ ತಾಯಿ ನಾಯಿಯನ್ನೂ ತೋರಿಸಿ ಎಂದು ಕೇಳಿದರೆ ಅರ್ಧ ಅಂಗಡಿಗಳು ಅಲ್ಲೇ ತಡವರಿಸುತ್ತವೆ ಎಂಬುದು ನನ್ನ ಅಂದಾಜು. ನಾಯಿಯೇ ಬೇಕು, ತಳಿ ಯಾವುದಾದರೂ ಸರಿ ಎನ್ನುವವರಿಗೆ ಬೀದಿಯ ಮರಿಯಿದೆ. ನಮ್ಮ ನೆಲಕ್ಕೆ ಒಗ್ಗಿದ ಜೀವ, ಬೆಲೆಯೂ ಇಲ್ಲ. ಓಡಾಡಲು ಹೊಲವಿರುವವರು ನಮ್ಮದೇ ಮುಧೋಳದ ನಾಯಿಯ ಬಗ್ಗೆ ವಿಚಾರಿಸಬಹುದು. ಅದಕ್ಕೂ ಕೆಲಸ ಬೇಕು, ಆದರೆ ಅದರ ಕೆಲಸ ಓಟ, ಅಗೆತವಲ್ಲ.

ಒಂದು ಕಣ್ಣಿನ ಮಲ್ಲ ಈಗ ಎಡಗಡೆಯಿಂದ ಯಾರಾದರೂ ಸದ್ದಿಲ್ಲದೆ ಬಂದರೆ ಬೆಚ್ಚುತ್ತದೆ, ಹಲ್ಲು ತೋರಿಸುತ್ತದೆ. ಹಾಗಾಗಿ ಹೆಸರು ಕೂಗಿಯೇ ಹತ್ತಿರ ಹೋಗುತ್ತೇವೆ. ಇಲಿ ಹಿಡಿಯುವುದರಲ್ಲಿ ದೊಡ್ಡ ವ್ಯತ್ಯಾಸವಾಗಿಲ್ಲ, ಆ ಕೆಲಸದಲ್ಲಿ ಮುಕ್ಕಾಲು ಪಾಲು ಮೂಗಿನದು. ಆಪರೇಷನ್ ಆದ ಮೇಲೆ ಮೊದಲ ಹೆಗ್ಗಣ ಹಿಡಿದ ದಿನ ಅಪ್ಪ ಅದನ್ನು ಬೀದಿಯವರಿಗೆಲ್ಲ ಕರೆದು ತೋರಿಸಿದರು. ಕಣ್ಣಿನ ಹನಿಗೆ ಪಾಳಿ ಹಾಕಿಕೊಂಡಿದ್ದೇವೆ. ಅಣ್ಣನದು ಫಸ್ಟ್ ಶಿಫ್ಟ್ ಇದ್ದರೆ ಸಂಜೆ ಅವನು ಹಾಕುತ್ತಾನೆ, ಸೆಕೆಂಡ್ ಶಿಫ್ಟ್ ಇದ್ದರೆ ನಾನು. ಮುಂದಿನ ತಿಂಗಳು ನನಗೆ ವಿಟಿಯು ಪರೀಕ್ಷೆ, ತುಮಕೂರಿನ ಹಾಸ್ಟೆಲ್‌ನಲ್ಲಿ ಗೆಳತಿಯ ರೂಮಿನಲ್ಲಿ ಓದಿಕೊಳ್ಳಬೇಕು. ಅಷ್ಟರೊಳಗೆ ಕೈ ನಡುಗದಂತೆ ಹನಿ ಹಾಕುವುದನ್ನು ಅಜ್ಜಿ ಕಲಿಯುತ್ತಿದ್ದಾರೆ. ಸದ್ಯಕ್ಕೆ ಮೂರರಲ್ಲಿ ಒಂದು ಹನಿ ಮೂಗಿನ ಮೇಲೆ ಬೀಳುತ್ತಿದೆ. ಮಲ್ಲ ಅದನ್ನು ನೆಕ್ಕಿಬಿಡುವ ಮುಂಚೆ ಒರೆಸುವ ಕೆಲಸ ಅಪ್ಪನದು.